ಪುಟದಲ್ಲಿ ಕಾಣದ ಕಾಲಂ ಎಲ್ಲಿರುತ್ತದೆ?

ಯಾವುದೋ ಇಲಾಖೆಯ ಅಥವಾ ಕಂಪನಿಯ ಪೋರ್ಟಲ್‌ಗೆ ಲಾಗಿನ್ ಆದೊಡನೆ ನಮ್ಮ ಅರ್ಜಿಗಳ ಪಟ್ಟಿಯೊಂದು ಕಾಣುತ್ತದೆ: ಅರ್ಜಿ ಸಂಖ್ಯೆ, ದಿನಾಂಕ, ಸ್ಥಿತಿ ಎಂಬ ಮೂರು ಕಾಲಂಗಳು, ಅವುಗಳ ಕೆಳಗೆ ಹತ್ತು ಸಾಲುಗಳು. ನೋಡುವವರು ಮಾತ್ರವಲ್ಲ, ಇಂಥ ಪುಟಗಳನ್ನು ಕಟ್ಟುವವರಲ್ಲಿಯೂ ಅನೇಕರು ತಾವು ಡೇಟಾಬೇಸ್‌ನ ಕೋಷ್ಟಕವನ್ನೇ ನೋಡುತ್ತಿದ್ದೇವೆಂದು ಭಾವಿಸುತ್ತಾರೆ. ಅದರಲ್ಲಿ ಬೇಡದ ಸಾಲುಗಳನ್ನೂ ಕಾಲಂಗಳನ್ನೂ ಪುಟದಿಂದ ತೆಗೆದುಹಾಕಿದರೆ ಅವು ಹೊರಗಿನವರಿಗೆ ಸಿಗಲಾರವೆಂದೂ ನಂಬುತ್ತಾರೆ. ಮೊದಲನೆಯ ತಪ್ಪು ಕಲ್ಪನೆಯಿಂದ ದೊಡ್ಡ ಕೇಡೇನೂ ಇಲ್ಲ. ಎರಡನೆಯದರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಮೈಕ್ರೋಸಾಫ್ಟ್‌ನ ಪವರ್ ಪೇಜಸ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆನಡಾದ ಆಡ್‌ಎಕ್ಸ್‌ಸ್ಟುಡಿಯೋ ಎಂಬ ಕಂಪನಿಯ ಪೋರ್ಟಲ್ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡುಕೊಂಡಿತು. ಅದೇ ಹಲವು ಹೆಸರುಗಳನ್ನು ದಾಟಿ 2022ರಲ್ಲಿ ಪವರ್ ಪೇಜಸ್ ಎನಿಸಿಕೊಂಡಿತು. ಇದು ಲೋ-ಕೋಡ್ ವರ್ಗಕ್ಕೆ, ಅಂದರೆ ಹೆಚ್ಚು ಕೋಡ್ ಬರೆಯದೆ ಪುಟ ಕಟ್ಟುವ ವರ್ಗಕ್ಕೆ, ಸೇರಿದ ಸಾಧನ. ಕೋಷ್ಟಕವನ್ನು ಆರಿಸಿ, ಬೇಕಾದ ಕಾಲಂಗಳಿಗೆ ಟಿಕ್ ಹಾಕಿ, ಪುಟದ ಮೇಲೆ ಎಳೆದು ಬಿಟ್ಟರೆ ಪಟ್ಟಿ ಸಿದ್ಧವಾಗುತ್ತದೆ. ಎಳೆದು ಬಿಡುವ ಕೆಲಸ ಇಷ್ಟು ಸಲೀಸಾಗಿರುವುದರಿಂದಲೇ ಅದರ ಹಿಂದೆ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಕಣ್ಣಿಗೆ ಬೀಳದಿರುವುದು ಒಂದರ್ಥದಲ್ಲಿ ಬಯಸಿ ಪಡೆದ ಫಲವೇ ಆಗಿದೆ. 1960ರ ದಶಕದಲ್ಲಿ ಡೇಟಾಬೇಸ್‌ನಿಂದ ಒಂದು ದಾಖಲೆಯನ್ನು ಪಡೆಯಬೇಕಾದರೆ ಅದು ಯಾವ ದಾಖಲೆಗೆ ಕೊಂಡಿಯಾಗಿದೆ, ಆ ಕೊಂಡಿ ಎಲ್ಲಿಗೆ ಒಯ್ಯುತ್ತದೆ ಎಂಬುದೆಲ್ಲ ಪ್ರೋಗ್ರಾಮ್ ಬರೆಯುವವರಿಗೆ ತಿಳಿದಿರಬೇಕಾಗಿತ್ತು. ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕವಿಡಲು ಐಬಿಎಂ ರೂಪಿಸಿದ ಐಎಂಎಸ್ ವ್ಯವಸ್ಥೆಯಲ್ಲಿ ದಾಖಲೆಗಳು ಮರದ ಕೊಂಬೆಗಳಂತೆ ಕವಲೊಡೆದಿದ್ದವು. ತಪ್ಪು ಕೊಂಬೆ ಹಿಡಿದವರಿಗೆ ಮಾಹಿತಿ ಸಿಗುತ್ತಿರಲಿಲ್ಲ. ಅದೇ ಐಬಿಎಂನ ಸ್ಯಾನ್ ಹೊಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಈ ಪದ್ಧತಿಯನ್ನೇ ಬುಡಮೇಲು ಮಾಡಿತು. ಮಾಹಿತಿ ಯಂತ್ರದೊಳಗೆ ಹೇಗೆ ಜೋಡಣೆಗೊಂಡಿದೆ ಎಂಬುದನ್ನು ಬಳಕೆದಾರರು ತಿಳಿಯಬೇಕಾಗಿಲ್ಲ, ತಮಗೆ ಏನು ಬೇಕು ಎಂಬುದನ್ನಷ್ಟೇ ಹೇಳಿದರೆ ಸಾಕು, ಹುಡುಕುವ ದಾರಿಯನ್ನು ಯಂತ್ರವೇ ಕಂಡುಕೊಳ್ಳಲಿ ಎಂಬುದು ಆ ಪ್ರಬಂಧದ ಹಿಂದಿದ್ದ ವಿಚಾರ. 1974ರಲ್ಲಿ ಐಬಿಎಂನವರೇ ಆದ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಭಾಷೆಯನ್ನು ಕೊಟ್ಟರು. ಇಂದಿನ ಎಸ್‌ಕ್ಯೂಎಲ್ ಅದರದೇ ಮುಂದುವರಿಕೆ. ಪುಟದ ಮೇಲೆ ಪಟ್ಟಿಯನ್ನು ಎಳೆದು ಬಿಡುವ ಇಂದಿನ ಅನುಕೂಲ ಕಾಡ್ ಅವರ ಆ ವಿಚಾರದ ಮೇಲೆಯೇ ನಿಂತಿದೆ.

ಪುಟ ತೆರೆದಾಗ ನಡೆಯುವುದು ಇದು. ಬ್ರೌಸರ್ ಕಳಿಸಿದ ವಿಳಾಸವನ್ನು ನೋಡಿ ಸರ್ವರ್ ಆ ಪುಟದ ಟೆಂಪ್ಲೇಟ್ ಅನ್ನು ಹುಡುಕಿ ತೆಗೆಯುತ್ತದೆ. ಟೆಂಪ್ಲೇಟ್‌ನಲ್ಲಿ ಪಟ್ಟಿ ಇರುವುದಿಲ್ಲ. ಒಂದೇ ಒಂದು ಸಾಲಿನ ವಿವರಣೆ ಇರುತ್ತದೆ, ಬಂದಷ್ಟು ದಾಖಲೆಗಳಿಗೆ ಅದನ್ನೇ ಮತ್ತೆ ಮತ್ತೆ ಬರೆ ಎಂಬ ಸೂಚನೆ ಇರುತ್ತದೆ. ಶಾಪಿಫೈ ಕಂಪನಿ ತನ್ನ ಅಂಗಡಿ ಪುಟಗಳಿಗಾಗಿ ರೂಪಿಸಿದ ಲಿಕ್ವಿಡ್ ಎಂಬ ಟೆಂಪ್ಲೇಟ್ ಭಾಷೆಯನ್ನೇ ಪವರ್ ಪೇಜಸ್ ಇದಕ್ಕಾಗಿ ಬಳಸುತ್ತದೆ. ದಾಖಲೆಗಳನ್ನು ತರುವ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಕೋರಿಕೆ, ಫೆಚ್‌ಎಕ್ಸ್‌ಎಂಎಲ್ ಎಂಬ ಇನ್ನೊಂದು ರೂಪದಲ್ಲಿರುತ್ತದೆ: ಯಾವ ಕೋಷ್ಟಕ, ಯಾವ ಕಾಲಂಗಳು, ಯಾವ ಷರತ್ತು, ಯಾವ ಕ್ರಮ. ಈ ಕ್ವೆರಿ ಡೇಟಾವರ್ಸ್ ಎಂಬ ಡೇಟಾಬೇಸ್‌ಗೆ ಹೋಗುವ ಮುನ್ನ ಸರ್ವರ್ ಲಾಗಿನ್ ಆಗಿರುವವರು ಯಾರು, ಅವರ ಪಾತ್ರವೇನು ಎಂದು ನೋಡಿ, ಅವರಿಗೆ ಸಲ್ಲುವ ಅನುಮತಿಯನ್ನು ಇನ್ನೊಂದು ಷರತ್ತಾಗಿ ಕ್ವೆರಿಗೇ ಸೇರಿಸುತ್ತದೆ. ಕಟ್ಟಿದವರು ‘ಎಲ್ಲ ಅರ್ಜಿಗಳನ್ನು ತಾ’ ಎಂದು ಬರೆದಿದ್ದರೂ, ಅನುಮತಿಯನ್ನು ಸ್ವಂತ ದಾಖಲೆಗಳಿಗೆ ಸೀಮಿತಗೊಳಿಸಿದ್ದರೆ, ಡೇಟಾಬೇಸ್‌ಗೆ ತಲಪುವುದು ‘ಈ ವ್ಯಕ್ತಿಗೆ ಸೇರಿದ ಅರ್ಜಿಗಳನ್ನಷ್ಟೇ ತಾ’ ಎಂಬ ಕೋರಿಕೆ. ಉತ್ತರವಾಗಿ ಬಂದ ಸಾಲುಗಳು ಟೆಂಪ್ಲೇಟ್‌ನ ಮೂಲಕ ಹಾದು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ರೂಪದಲ್ಲಿ ಬ್ರೌಸರ್ ಸೇರುತ್ತವೆ. ಆದ್ದರಿಂದ ತೆರೆಯ ಮೇಲಿರುವುದು ಕೋಷ್ಟಕವಲ್ಲ. ಒಬ್ಬ ನಿರ್ದಿಷ್ಟ ವ್ಯಕ್ತಿ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಕೇಳಿದ ಪ್ರಶ್ನೆಗೆ ದೊರೆತ ಉತ್ತರ. ಒಂದೇ ವಿಳಾಸವನ್ನು ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ತೆರೆದರೆ ಎರಡು ಬೇರೆ ಪಟ್ಟಿಗಳು ಕಾಣುವುದು ಇದೇ ಕಾರಣಕ್ಕೆ.

ಆ ಗಳಿಗೆಯೂ ಸ್ವಲ್ಪ ಹಳೆಯದಾಗಿರಬಹುದು. ಸರ್ವರ್ ತಾನು ತಂದ ಉತ್ತರವನ್ನು ಕೆಲಕಾಲ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಂಡಿರುವುದರಿಂದ, ಕಚೇರಿಯ ಸಿಬ್ಬಂದಿ ಡೇಟಾವರ್ಸ್‌ನಲ್ಲಿ ನೇರವಾಗಿ ಮಾಡಿದ ಬದಲಾವಣೆ ಪೋರ್ಟಲ್‌ನಲ್ಲಿ ಕಾಣಲು 15 ನಿಮಿಷಗಳವರೆಗೂ ಹಿಡಿಯಬಹುದು.

ಕೋಷ್ಟಕಕ್ಕೆ ಸ್ವಂತದ್ದೊಂದು ಕ್ರಮವಿಲ್ಲ ಎಂಬುದು ಹಲವರಿಗೆ ನುಂಗಲಾರದ ತುತ್ತು. ಕಾಡ್ ಅವರ ಲೆಕ್ಕದಲ್ಲಿ ಕೋಷ್ಟಕವೆಂದರೆ ಗಣಿತದ ಗಣ. ಗಣದಲ್ಲಿ ಮೊದಲನೆಯದು, ಕೊನೆಯದು ಎಂಬುವು ಇರುವುದಿಲ್ಲ. ಕ್ರಮವನ್ನು ಕ್ವೆರಿಯಲ್ಲಿಯೇ ಕೇಳಬೇಕು. ಕೇಳದಿದ್ದರೆ ಸಾಲುಗಳು ಅಂದಿನ ಅನುಕೂಲಕ್ಕೆ ತಕ್ಕಂತೆ ಬರುತ್ತವೆ, ಮೊದಲ ಪುಟದಲ್ಲಿ ಕಂಡ ಅರ್ಜಿ ಎರಡನೆಯ ಪುಟದಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು, ಇನ್ನೊಂದು ಎಲ್ಲಿಯೂ ಕಾಣದೆ ಹೋಗಬಹುದು. ಕನ್ನಡದ ಹೆಸರುಗಳಿದ್ದರೆ ಇನ್ನೊಂದು ತೊಡಕೂ ಇದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಳ’ ಅಕ್ಷರದ ಸಂಖ್ಯೆ ‘ಲ’ ಅಕ್ಷರದ ಬೆನ್ನಿಗೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ ಆದ ಮೇಲೆ. ಬರಿಯ ಸಂಕೇತ ಸಂಖ್ಯೆಗಳನ್ನು ನೋಡಿ ಊರುಗಳನ್ನು ಜೋಡಿಸಿದರೆ ಕಳಸ ಮೊದಲು, ಕವಿತಾಳ ಆಮೇಲೆ. ನಿಘಂಟಿನ ಕ್ರಮದಲ್ಲಿ ಇದು ತಿರುವುಮುರುವು.

ಲೋ-ಕೋಡ್ ಪುಟಗಳು ಆಮೆಯಂತೆ ತೆರೆದುಕೊಳ್ಳುವುದಕ್ಕೆ ಸಾಮಾನ್ಯ ಕಾರಣವೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಜನ ತಮ್ಮ ಇಂಟರ್ನೆಟ್‌ನ ದೋಷವೆಂದು ತಿಳಿದು ಸುಮ್ಮನಾಗುತ್ತಾರೆ. ಅರ್ಜಿಯ ಸಾಲಿನಲ್ಲಿ ಅದನ್ನು ಪರಿಶೀಲಿಸುವ ಅಧಿಕಾರಿಯ ಹುದ್ದೆಯನ್ನೂ ತೋರಿಸಬೇಕಾಗಿದೆ, ಆದರೆ ಅದು ಬೇರೊಂದು ಕೋಷ್ಟಕದಲ್ಲಿದೆ ಎನ್ನೋಣ. ಟೆಂಪ್ಲೇಟ್‌ನ ಆವರ್ತನೆಯೊಳಗೆ, ಪ್ರತಿ ಅರ್ಜಿಗೂ ಅಧಿಕಾರಿಯ ದಾಖಲೆಯನ್ನು ತಾ ಎಂದು ಬರೆದರೆ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಆದರೆ ಹತ್ತು ಸಾಲುಗಳ ಪುಟಕ್ಕೆ ಪಟ್ಟಿಗಾಗಿ ಒಂದು, ಅಧಿಕಾರಿಗಳಿಗಾಗಿ ಹತ್ತು, ಒಟ್ಟು 11 ಕ್ವೆರಿಗಳು ನಡೆಯುತ್ತವೆ. ನೂರು ಸಾಲುಗಳಾದರೆ 101. ಪ್ರತಿ ಕ್ವೆರಿಯೂ ಸರ್ವರ್‌ನಿಂದ ಡೇಟಾಬೇಸ್‌ಗೆ ಹೋಗಿ ಬರುವ ಒಂದು ಪಯಣ. ಒಂದು ಪಯಣಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹಿಡಿದರೂ ನೂರೊಂದಕ್ಕೆ ಐದು ಸೆಕೆಂಡು ದಾಟುತ್ತದೆ. ಎರಡೂ ಕೋಷ್ಟಕಗಳನ್ನು ಕ್ವೆರಿಯಲ್ಲಿಯೇ ಕೂಡಿಸಿ ಕೇಳಿದರೆ ಪಯಣ ಒಂದೇ. ಪರೀಕ್ಷೆಗೆಂದು ಮೂರು ದಾಖಲೆಗಳನ್ನು ಹಾಕಿ ನೋಡುವಾಗ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹಾಗೆಂದು ಇರುವುದನ್ನೆಲ್ಲ ಒಮ್ಮೆಗೇ ತರಲೂ ಬಾರದು. ಫೆಚ್‌ಎಕ್ಸ್‌ಎಂಎಲ್ ಸಾಮಾನ್ಯವಾಗಿ ಒಂದು ಬಾರಿಗೆ 5,000 ಸಾಲುಗಳಿಗಿಂತ ಹೆಚ್ಚು ಕೊಡುವುದಿಲ್ಲ, ಮುಂದಿನ ಕಂತು ಎಲ್ಲಿಂದ ಶುರುವಾಗಬೇಕೆಂಬ ಗುರುತನ್ನು ಉತ್ತರದ ಜೊತೆಗೇ ಕಳಿಸುತ್ತದೆ.

ಇನ್ನು ಎರಡನೆಯ ತಪ್ಪು ಕಲ್ಪನೆ. ಪುಟವು ದಾಖಲೆಗಳನ್ನು ಕೇಳುವ ಹಲವು ದಾರಿಗಳಲ್ಲಿ ಒಂದು ಮಾತ್ರ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಬೀದಿಯ ಕಡೆಗೊಂದು ಹಿತ್ತಿಲ ಬಾಗಿಲು ತೆರೆದಿದ್ದರೆ, ಕೌಂಟರ್‌ನಲ್ಲಿ ಎಷ್ಟೇ ಕಟ್ಟುನಿಟ್ಟಿನ ಗುಮಾಸ್ತರನ್ನು ಕೂರಿಸಿ ಏನು ಪ್ರಯೋಜನ? 2021ರಲ್ಲಿ ಆದದ್ದು ಇದೇ. ಆಗ ಪವರ್ ಆ್ಯಪ್ಸ್ ಪೋರ್ಟಲ್ಸ್ ಎಂಬ ಹೆಸರಿದ್ದ ಈ ಸಾಧನದಲ್ಲಿ ಯಾವುದೇ ಪಟ್ಟಿಯನ್ನು ಒಡೇಟಾ ಎಂಬ ಫೀಡ್ ಆಗಿಯೂ ತೆರೆದಿಡುವ ಸೌಲಭ್ಯವಿತ್ತು. ಪುಟವನ್ನು ತೆರೆಯದೆಯೇ ಆ ವಿಳಾಸದಿಂದ ದಾಖಲೆಗಳನ್ನು ಸೆಳೆಯಬಹುದಾಗಿತ್ತು. ಕೋಷ್ಟಕದ ಅನುಮತಿಗಳನ್ನು ಜಾರಿಗೊಳಿಸುವ ಆಯ್ಕೆ ಮಾತ್ರ ತಾನಾಗಿ ಚಾಲೂ ಆಗಿರುತ್ತಿರಲಿಲ್ಲ. ಕಟ್ಟಿದವರು ಅದನ್ನು ಮರೆತಿದ್ದರೆ ಲಾಗಿನ್ ಇಲ್ಲದವರಿಗೂ ಎಲ್ಲವೂ ಲಭ್ಯ. ಆ ವರ್ಷದ ಮೇ ತಿಂಗಳಲ್ಲಿ ಇದನ್ನು ಗಮನಿಸಿದ ಅಪ್‌ಗಾರ್ಡ್ ಎಂಬ ಸೈಬರ್ ಭದ್ರತಾ ಸಂಸ್ಥೆ, 47 ಸಂಸ್ಥೆಗಳಿಗೆ ಸೇರಿದ 3 ಕೋಟಿ 80 ಲಕ್ಷ ದಾಖಲೆಗಳು ಹೀಗೆ ತೆರೆದುಬಿದ್ದಿದ್ದವೆಂದು ಆಗಸ್ಟ್‌ನಲ್ಲಿ ಬಹಿರಂಗಪಡಿಸಿತು. ಅಮೆರಿಕನ್ ಏರ್‌ಲೈನ್ಸ್, ಫೋರ್ಡ್, ಮೇರಿಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ, ನ್ಯೂಯಾರ್ಕ್ ನಗರದ ಸಾರಿಗೆ ಸಂಸ್ಥೆ ಅವುಗಳಲ್ಲಿ ಕೆಲವು. ಮೈಕ್ರೋಸಾಫ್ಟ್‌ನದೇ ಪೋರ್ಟಲ್‌ಗಳೂ ಇದ್ದವು. ಇಂಡಿಯಾನಾ ರಾಜ್ಯದಲ್ಲಿ ಕೋವಿಡ್ ಸಂಪರ್ಕ ಪತ್ತೆಗಾಗಿ ಸಂಗ್ರಹಿಸಿದ್ದ ಸುಮಾರು 7.5 ಲಕ್ಷ ಜನರ ಹೆಸರು, ವಿಳಾಸ, ಜನ್ಮದಿನಾಂಕಗಳೂ ಅದರಲ್ಲಿ ಸೇರಿದ್ದವು. ಯಾರೂ ಬೀಗ ಮುರಿದಿರಲಿಲ್ಲ. ವ್ಯವಸ್ಥೆ ತನಗೆ ಹೇಳಿದಂತೆಯೇ ನಡೆದುಕೊಂಡಿತ್ತು. ದೂರು ಹೋದಾಗ ಮೈಕ್ರೋಸಾಫ್ಟ್ ಮೊದಲು ಕೊಟ್ಟ ಉತ್ತರವೂ ಇದು ವಿನ್ಯಾಸಕ್ಕೆ ಅನುಗುಣವಾಗಿಯೇ ಇದೆ ಎಂಬುದಾಗಿತ್ತು. ಆ ಉತ್ತರ ತಾಂತ್ರಿಕವಾಗಿ ಸರಿ, ಆದರೆ ಪ್ರೋಗ್ರಾಮಿಂಗ್ ಬಾರದವರಿಗೆಂದೇ ಮಾರುವ ಸಾಧನದ ವಿಷಯದಲ್ಲಿ ಅದನ್ನು ಒಪ್ಪುವುದು ಕಷ್ಟ. ಕಂಪನಿಯೂ ಬಳಿಕ ಮನಸ್ಸು ಬದಲಿಸಿ, ಹೊಸ ಪೋರ್ಟಲ್‌ಗಳಲ್ಲಿ ಅನುಮತಿಗಳು ಮೊದಲಿನಿಂದಲೇ ಜಾರಿಯಲ್ಲಿರುವಂತೆ ಮಾಡಿತು.

ಆದರೂ 2024ರಲ್ಲಿ ಆ್ಯಪ್‌ಆಮ್ನಿ ಎಂಬ ಇನ್ನೊಂದು ಸಂಸ್ಥೆ ಪವರ್ ಪೇಜಸ್ ಪುಟಗಳಲ್ಲಿ ಇದೇ ಬಗೆಯ ಸೋರಿಕೆಗಳನ್ನು ಕಂಡಿತು. ಈ ಬಾರಿ ಅನುಮತಿಗಳು ಜಾರಿಯಲ್ಲಿದ್ದವು. ಲಾಗಿನ್ ಆಗದ ಅನಾಮಿಕರ ಪಾತ್ರಕ್ಕೂ ಇಡೀ ಕೋಷ್ಟಕವನ್ನು ಓದುವ ಅನುಮತಿಯನ್ನು ಕಟ್ಟಿದವರೇ ಕೊಟ್ಟಿದ್ದರು. ಕೋಷ್ಟಕದ ಅನುಮತಿ ಯಾವ ಸಾಲುಗಳು ಸಿಗಬೇಕೆಂದು ನಿರ್ಧರಿಸುತ್ತದೆಯೇ ಹೊರತು ಆ ಸಾಲಿನ ಯಾವ ಕಾಲಂಗಳೆಂದು ಅಲ್ಲ. ಪುಟದಲ್ಲಿ ಮೂರೇ ಕಾಲಂಗಳಿದ್ದರೂ, ಅದೇ ಕೋಷ್ಟಕವನ್ನು ವೆಬ್ ಎಪಿಐಗೆ, ಅಂದರೆ ಪುಟವಿಲ್ಲದೆ ಪ್ರೋಗ್ರಾಮ್‌ಗಳು ನೇರವಾಗಿ ದಾಖಲೆ ಕೇಳುವ ದಾರಿಗೆ, ತೆರೆದಿದ್ದರೆ ಫೋನ್ ನಂಬರ್, ಜನ್ಮದಿನಾಂಕಗಳನ್ನೂ ಅದರ ಮೂಲಕ ಕೇಳಿ ಪಡೆಯಬಹುದು. ಕಾಲಂಗಳನ್ನು ಕಾಯಲು ಕಾಲಂ ಅನುಮತಿ ಎಂಬ ಪ್ರತ್ಯೇಕ ಏರ್ಪಾಡಿದೆ, ಅದನ್ನು ಬಳಸುವವರು ಕಡಿಮೆ. ಎಪಿಐಯ ಮೂಲಕ ಯಾವ ಕಾಲಂಗಳು ಹೊರಗೆ ಹೋಗಬಹುದೆಂದು ಬರೆಯಲು ಸೈಟ್ ಸೆಟ್ಟಿಂಗ್ಸ್‌ನಲ್ಲಿಯೂ ಒಂದು ಜಾಗವಿದೆ. ಅಲ್ಲಿ ಬೇಕಾದ ಕಾಲಂಗಳ ಹೆಸರುಗಳನ್ನು ಅಲ್ಪವಿರಾಮ ಹಾಕುತ್ತ ಬರೆಯಬಹುದು, ಇಲ್ಲವೇ ‘ಎಲ್ಲವೂ’ ಎಂಬುದಕ್ಕೆ ಒಂದು ನಕ್ಷತ್ರ ಚಿಹ್ನೆಯನ್ನು ಹಾಕಿ ಮುಗಿಸಬಹುದು. ಅವಸರದಲ್ಲಿರುವವರು ಹಾಕುವುದು ನಕ್ಷತ್ರವನ್ನೇ.