ಸ್ವಿಂಗ್ ನೋಡಿ ಎಲ್ಲರೂ ಒಂದೊಂದು ಹೇಳುತ್ತಾರೆ, ಯಾರ ಮಾತು ಕೇಳಲಿ?

ಪ್ರಶ್ನೆ: ಗಾಲ್ಫ್ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಚೆಂಡು ಯಾವಾಗಲೂ ಬಲಕ್ಕೆ ಬಾಗಿ ಹೋಗುತ್ತದೆ. ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಮೈದಾನದಲ್ಲಿ, ಅಕ್ಕಪಕ್ಕದವರು ನೋಡಿ ‘ತಲೆ ಎತ್ತಬೇಡಿ’, ‘ಎಡಗೈ ನೆಟ್ಟಗಿರಲಿ’, ‘ಇನ್ನೂ ನಿಧಾನ’ ಅನ್ನುತ್ತಾರೆ. ಎಲ್ಲವನ್ನೂ ಮಾಡಲು ಹೋಗಿ ಇದ್ದ ಆಟವೂ ಕೆಟ್ಟಿದೆ. ಬೇರೆಯವರ ಮಾತಿನಿಂದ ಸ್ವಿಂಗ್ ನಿಜಕ್ಕೂ ಸುಧಾರಿಸುತ್ತದಾ?

ಉತ್ತರ: ಖಂಡಿತ ಸುಧಾರಿಸುತ್ತದೆ. ಆದರೆ ನೀವು ಅವರನ್ನು ಕೇಳುವ ರೀತಿ ಬದಲಾಗಬೇಕು. ‘ನಾನು ಏನು ಮಾಡಬೇಕು?’ ಅಂತ ಕೇಳಬೇಡಿ. ‘ನಿಮಗೆ ಏನು ಕಾಣಿಸಿತು?’ ಅಂತ ಕೇಳಿ. ಕಂಡದ್ದನ್ನು ಹೇಳುವುದು ಯಾರಿಗಾದರೂ ಆಗುತ್ತದೆ. ಕಾರಣ ಹಿಡಿಯುವುದು ಕಷ್ಟ, ಮದ್ದು ಹೇಳುವುದು ಇನ್ನೂ ಕಷ್ಟ. ರೇಂಜಿನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಮೊದಲೆರಡನ್ನು ಬಿಟ್ಟು ನೇರ ಮದ್ದಿಗೇ ಹೋಗುತ್ತದೆ. ಅದಕ್ಕೇ ಇಷ್ಟು ಗೊಂದಲ.

ನನಗೂ ಹೀಗೇ ಆಗಿತ್ತು. ತಿಂಗಳುಗಟ್ಟಲೆ ಚೆಂಡು ಬಲಕ್ಕೆ ಬಾಗುತ್ತಿತ್ತು. ಒಂದು ಬೆಳಿಗ್ಗೆ ಹಿರಿಯ ಕ್ಯಾಡಿಯೊಬ್ಬರನ್ನು (ಆಟಗಾರರ ಬ್ಯಾಗ್ ಹೊತ್ತು ಜೊತೆಗೆ ನಡೆಯುವವರು) ಹಿಂದೆ ನಿಂತು ಸುಮ್ನೆ ನೋಡಿ ಅಂತ ಕೇಳಿಕೊಂಡೆ. ಹತ್ತು ಚೆಂಡು ಹೊಡೆಯುವವರೆಗೂ ಅವರು ಮಾತೇ ಆಡಲಿಲ್ಲ. ಆಮೇಲೆ, ‘ಎಲ್ಲಿಗೆ ಹೊಡೀತಾ ಇದ್ದೀರ ಸಾರ್?’ ಅಂದರು. ‘ಆ ನೂರೈವತ್ತರ ಬೋರ್ಡಿಗೆ’ ಅಂದೆ, ದೂರ ತೋರಿಸುವ ಫಲಕ ಅದು. ನನ್ನ ಬ್ಯಾಗಿನಿಂದ ಇನ್ನೊಂದು ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ತೆಗೆದರು. ಅದನ್ನು ನನ್ನ ಎರಡೂ ಶೂಗಳ ತುದಿಗೆ ತಾಗುವಂತೆ ನೆಲದ ಮೇಲೆ ಇಟ್ಟರು. ‘ಕಾಲು ತೆಗೆದು, ಹಿಂದೆ ಬಂದು ನೋಡಿ’ ಅಂದರು. ನೋಡಿದರೆ ಕ್ಲಬ್ ತೋರಿಸುತ್ತಿದ್ದುದು ಬೋರ್ಡನ್ನಲ್ಲ, ಅದಕ್ಕಿಂತ ತುಂಬಾ ಎಡಕ್ಕಿದ್ದ ಬಲೆಯ ಕಂಬವನ್ನು. ಚೆಂಡು ಬಲಕ್ಕೆ ಹೋಗುತ್ತದಲ್ಲ ಅಂತ ದಿನಕ್ಕಿಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾ ಬಂದಿದ್ದೆ, ನನಗೇ ಗೊತ್ತಿರಲಿಲ್ಲ. ಹಾಗೆ ನಿಂತಷ್ಟೂ ಕ್ಲಬ್ ಚೆಂಡಿಗೆ ಅಡ್ಡಲಾಗಿ ಹೊರಗಿನಿಂದ ಒಳಕ್ಕೆ ಬರುತ್ತದೆ, ಸ್ಲೈಸ್, ಅಂದರೆ ಚೆಂಡು ಹೀಗೆ ಬಲಕ್ಕೆ ಬಾಗುವುದು, ಇನ್ನೂ ಜಾಸ್ತಿಯಾಗುತ್ತದೆ.

ಆ ಕ್ಯಾಡಿ ನನ್ನ ಸ್ವಿಂಗ್ ಬಗ್ಗೆ ಒಂದು ಮಾತೂ ಹೇಳಲಿಲ್ಲ ನೋಡಿ. ಕಂಡದ್ದನ್ನು ನನಗೂ ಕಾಣುವಂತೆ ಮಾಡಿದರು, ಅಷ್ಟೇ. ಸಾವಿರಾರು ಹೊಡೆತ ನೋಡಿದ ಕಣ್ಣು ಅದು. ನಮ್ಮ ಕ್ಯಾಡಿಗಳ ಮೇಲೆ ನನಗೆ ತುಂಬಾ ಗೌರವ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರು ಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಅನ್ನೇ ಗೆದ್ದರು. ನಿಮ್ಮ ಸುತ್ತ ಅನುಭವಿ ಕ್ಯಾಡಿ ಯಾರಾದರೂ ಇದ್ದರೆ ಮೊದಲು ಅವರನ್ನೇ ಕೇಳಿ.

ಏನು ನೋಡಬೇಕು ಅಂತ ಅವರಿಗೆ ಹೇಳುವುದು ನಿಮ್ಮ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು: ಚೆಂಡು ಯಾವ ಕಡೆಗೆ ಹೊರಟಿತು? ಎಲ್ಲಿ ಬಿತ್ತು ಅನ್ನುವುದಲ್ಲ, ಹೊರಟದ್ದು ಯಾವ ಕಡೆ? ಹೊಡೆದವರಿಗೆ ಇದು ಸರಿಯಾಗಿ ಕಾಣುವುದೇ ಇಲ್ಲ. ಹಿಂದೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಕ್ಲಬ್ಬಿಗೂ ಚೆಂಡಿಗೂ ಸಂಪರ್ಕ ಇರುವುದು ಸೆಕೆಂಡಿನ ಸುಮಾರು 2000ದ ಒಂದು ಪಾಲು ಮಾತ್ರ. ಆ ಹೊತ್ತಿಗೆ ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, ಎತ್ತ ನೋಡುತ್ತಿತ್ತೋ ಚೆಂಡು ಹೆಚ್ಚುಕಮ್ಮಿ ಅತ್ತಲೇ ಹೊರಡುತ್ತದೆ. ಆಮೇಲೆ ಅದು ಬಾಗುವುದು ಕ್ಲಬ್ಬಿನ ಮುಖ ಒಂದು ಕಡೆ, ಸ್ವಿಂಗಿನ ದಾರಿ ಇನ್ನೊಂದು ಕಡೆ ಇರುವುದರಿಂದ. ಸ್ವಿಂಗ್ ದಾರಿಯೇ ಚೆಂಡು ಹೊರಡುವ ದಿಕ್ಕನ್ನು ತೀರ್ಮಾನಿಸುತ್ತದೆ ಅಂತ ಹಿಂದೆ ಕಲಿಸುತ್ತಿದ್ದರು. ಚೆಂಡಿನ ಹಾರಾಟ ಅಳೆಯುವ ರೇಡಾರ್ ಯಂತ್ರಗಳು ಬಂದ ಮೇಲೆ ಅದು ತಪ್ಪು ಅಂತ ಗೊತ್ತಾಯಿತು. ಈಗಲೂ ಎಷ್ಟೋ ಜನ ಹಳೆಯ ಪಾಠವನ್ನೇ ಹೇಳುತ್ತಾರೆ.

ಇದರಿಂದ ನಿಮಗೆ ಏನು ಲಾಭ ಅಂದರೆ, ಬಲಗೈ ಆಟಗಾರರ ಚೆಂಡು ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ಬಾಗಿದರೆ, ನಿಂತ ರೀತಿಯನ್ನೂ ಸ್ವಿಂಗ್ ಬರುವ ದಾರಿಯನ್ನೂ ಮೊದಲು ನೋಡಬೇಕು. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಕ್ಲಬ್ಬಿನ ಮುಖ ತೆರೆದುಕೊಂಡಿದೆ, ಅಂದರೆ ಗುರಿಗಿಂತ ಬಲಕ್ಕೆ ತಿರುಗಿದೆ. ಆಗ ಹಿಡಿತ ನೋಡಿ. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಎರಡು ಗೆಣ್ಣಾದರೂ ಕಾಣಬೇಕು. ಒಂದೇ ಕಂಡರೆ ಕೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ ಹಿಡಿಯಿರಿ. ಎರಡೂ ಸ್ಲೈಸೇ, ಆದರೆ ಮದ್ದು ಬೇರೆ ಬೇರೆ. ಹೊರಟ ದಿಕ್ಕು ನೋಡದೆ ಸಲಹೆ ಕೊಟ್ಟವರ ಮಾತು ಹೊಂದಿದರೆ ಅದು ಅದೃಷ್ಟ. ಎಡಗೈಯಲ್ಲಿ ಆಡುವವರು ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಿ.

ಎರಡನೆಯದು, ಚೆಂಡು ಕ್ಲಬ್ಬಿನ ಮುಖದ ಯಾವ ಜಾಗಕ್ಕೆ ತಾಗಿತು? ಚೆಂಡಿನ ಹಿಂಬದಿಗೆ, ಅಂದರೆ ಕ್ಲಬ್ ತಾಗುವ ಕಡೆಗೆ, ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಚುಕ್ಕೆ ಇಡಿ. ಹೊಡೆದ ಮೇಲೆ ಅದರ ಗುರುತು ಕ್ಲಬ್ಬಿನ ಮೇಲೆ ಮೂಡುತ್ತದೆ. ಡ್ರೈವರ್‌ನಲ್ಲಿ (ತುಂಬಾ ದೂರ ಹೊಡೆಯುವ ಉದ್ದನೆಯ ಕ್ಲಬ್) ಚೆಂಡು ಹಿಮ್ಮಡಿಯ ಕಡೆ, ಅಂದರೆ ಕೋಲು ಸೇರುವ ಕಡೆ, ತಾಗಿದರೆ ಅದರಿಂದಲೇ ಬಲಕ್ಕೆ ಬಾಗುತ್ತದೆ. ಅಂಥವರು ಚೆಂಡಿನಿಂದ ಎಷ್ಟು ದೂರ ನಿಲ್ಲುತ್ತಾರೆ ಅಂತ ಮೊದಲು ನೋಡಬೇಕು. ಸ್ವಿಂಗಿಗೆ ಕೈ ಹಾಕುವ ಅಗತ್ಯವೇ ಬರದೇ ಹೋಗಬಹುದು.

ಇನ್ನು ಸದ್ದು. ರೇಂಜಿನ ಮ್ಯಾಟ್ ಹೊಸಬರಿಗೆ ಸುಳ್ಳು ಹೇಳುತ್ತದೆ. ಚೆಂಡಿಗಿಂತ ಹಿಂದೆ ನೆಲಕ್ಕೆ ತಾಗಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಮುಂದೆ ಹೋಗುತ್ತದೆ, ಚೆಂಡು ಹಾರಿಬಿಡುತ್ತದೆ. ಹುಲ್ಲಿನ ಮೇಲಾದರೆ ಅದೇ ಹೊಡೆತ ಮಣ್ಣಿನಲ್ಲಿ ಹೂತುಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತವರು ಕಣ್ಣು ಮುಚ್ಚಿ ಕೇಳಿದರೂ ಸಾಕು: ನೆಲಕ್ಕೆ ತಾಗಿದ ‘ಥಪ್’ ಮೊದಲು ಬಂತಾ, ಚೆಂಡಿಗೆ ತಾಗಿದ ‘ಟಕ್’ ಮೊದಲು ಬಂತಾ?

ಈಗ ನಿಮಗೆ ಸಿಕ್ಕ ಆ ಮೂರು ಸಲಹೆಗಳಿಗೆ ಬರೋಣ. ‘ತಲೆ ಎತ್ತಬೇಡಿ’ ಅನ್ನುವುದು ಹೊಸಬರಿಗೆ ಜಾಸ್ತಿ ತೊಂದರೆ ಕೊಡುವ ಮಾತು ಅಂತ ನನ್ನ ಅನಿಸಿಕೆ. ಚೆಂಡಿನ ನೆತ್ತಿಗೆ ತಾಗಿ ಅದು ನೆಲದಲ್ಲೇ ಉರುಳಿದಾಗ ಎಲ್ಲರೂ ಇದನ್ನೇ ಹೇಳುತ್ತಾರೆ. ನಿಜವಾದ ಕಾರಣ ಬಹಳ ಸಲ ಬೇರೆ: ಭಾರ ಹಿಂದಿನ ಕಾಲಲ್ಲೇ ಉಳಿದಿರುತ್ತದೆ, ಇಲ್ಲವೇ ಹೊಡೆಯುವ ಹೊತ್ತಿಗೆ ಸೊಂಟ ಮುಂದೆ ಬಂದು ಮೈ ಮೇಲೇಳುತ್ತದೆ. ತಲೆಯನ್ನು ಬಿಗಿಹಿಡಿದರೆ ಭುಜ ತಿರುಗುವುದೇ ಇಲ್ಲ, ಭಾರ ಮುಂದಕ್ಕೂ ಬರುವುದಿಲ್ಲ. ಮಹಿಳೆಯರ ವೃತ್ತಿಪರ ಗಾಲ್ಫ್ ಆದ ಎಲ್‌ಪಿಜಿಎಯಲ್ಲಿ 72 ಪಂದ್ಯಾವಳಿ ಗೆದ್ದ ಆನಿಕಾ ಸೊರೆನ್‌ಸ್ಟಾಮ್ ಅವರ ಸ್ವಿಂಗ್ ನೋಡಿ. ಚೆಂಡಿಗೆ ಕ್ಲಬ್ ತಾಗುವ ಹೊತ್ತಿಗೇ ಅವರ ಮುಖ ಗುರಿಯ ಕಡೆ ತಿರುಗುತ್ತಿರುತ್ತದೆ. ‘ಎಡಗೈ ನೆಟ್ಟಗೆ’ ಅನ್ನುವುದು ಅರ್ಧ ಸರಿ. ಹೊಸಬರು ಅದನ್ನು ಕೋಲಿನಂತೆ ಬಿಗಿ ಮಾಡಿಬಿಡುತ್ತಾರೆ, ಬಿಗಿಯಾದ ಕೈಗೆ ವೇಗ ಬರುವುದಿಲ್ಲ. ‘ನಿಧಾನ’ ಅನ್ನುವುದರಲ್ಲಿ ತಪ್ಪೇನಿಲ್ಲ, ಆದರೆ ಅದರಿಂದ ಸ್ಲೈಸ್ ಹೋಗುವುದಿಲ್ಲ.

ಸಲಹೆಯ ಮಾತು ಹೇಗಿದೆ ಅನ್ನುವುದೂ ಮುಖ್ಯ. 1999ರಲ್ಲಿ ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಗಾಲ್ಫ್ ಗೊತ್ತಿಲ್ಲದವರಿಗೆ ಸಣ್ಣ ಹೊಡೆತ ಕಲಿಸಿ ನೋಡಿದರು. ಕೆಲವರಿಗೆ ಕೈ ಆಡುವ ಕಡೆ ಗಮನ ಇಡಿ ಅಂದರು, ಇನ್ನು ಕೆಲವರಿಗೆ ಕ್ಲಬ್ ಆಡುವ ಕಡೆ ಅಂದರು. ಕ್ಲಬ್ಬಿನ ಕಡೆ ಗಮನ ಇಟ್ಟವರೇ ಚೆನ್ನಾಗಿ ಕಲಿತರು. ಹಾಗಾಗಿ ಯಾರಾದರೂ ‘ಮೊಣಕೈ ಮಡಚಬೇಡಿ’ ಅಂದರೆ ಅದನ್ನು ಮನಸ್ಸಿನಲ್ಲೇ ಬದಲಾಯಿಸಿಕೊಳ್ಳಿ: ‘ಕ್ಲಬ್ ಚೆಂಡಿನ ಆಚೆಗಿನ ಹುಲ್ಲನ್ನೂ ಸವರಿಕೊಂಡು ಹೋಗಲಿ.’ ಮೈಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಪ್ರತಿ ಚೆಂಡಿಗೂ ಅಭಿಪ್ರಾಯ ಕೇಳಬೇಡಿ. ಪ್ರತಿ ಸಲ ಯಾರಾದರೂ ತಿದ್ದುತ್ತಿದ್ದರೆ ಅವರಿರುವಷ್ಟು ಹೊತ್ತು ಚೆನ್ನಾಗಿ ಬರುತ್ತದೆ, ಅವರು ಹೋದ ಮೇಲೆ ಹೋಗಿಬಿಡುತ್ತದೆ. ಐದು ಚೆಂಡು ಮೌನವಾಗಿ ಹೊಡೆಯಿರಿ. ಹೇಗೆ ಹೊರಟವು ಅಂತ ಮೊದಲು ನೀವೇ ಊಹಿಸಿ, ಆಮೇಲೆ ನೋಡಿದವರನ್ನು ಕೇಳಿ. ನಿಮ್ಮ ಊಹೆಗೂ ಅವರು ಕಂಡದ್ದಕ್ಕೂ ಅಂತರ ಕಡಿಮೆಯಾಗುತ್ತಾ ಬಂದರೆ ನೀವು ಕಲಿಯುತ್ತಿದ್ದೀರಿ ಅಂತಲೇ ಅರ್ಥ. ಚೆನ್ನಾಗಿ ಬಂದ ಹೊಡೆತದ ನಂತರವೂ ಕೇಳಿ. ಕೆಟ್ಟದ್ದಕ್ಕೆ ಮಾತ್ರ ಕಾರಣ ಹುಡುಕುತ್ತೇವೆ, ಒಳ್ಳೆಯದು ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಮೊಬೈಲಿನಲ್ಲಿ ವಿಡಿಯೋ ತೆಗೆಸುವುದಾದರೆ ಎರಡು ಕೋನ ಸಾಕು. ಒಂದು ಎದುರಿನಿಂದ, ಇನ್ನೊಂದು ಹಿಂದಿನಿಂದ ಗುರಿಯ ಕಡೆಗೆ. ಹಿಂದಿನಿಂದ ತೆಗೆಯುವಾಗ ಮೊಬೈಲ್ ನಿಮ್ಮ ಕೈಗಳ ಎತ್ತರದಲ್ಲಿ, ಕೈಗಳ ನೇರಕ್ಕೇ ಇರಲಿ. ಸ್ವಲ್ಪ ಅತ್ತಿತ್ತ ಆದರೂ ಸ್ವಿಂಗಿನ ದಾರಿ ಬೇರೆಯೇ ಕಾಣುತ್ತದೆ. ಎಷ್ಟೋ ತಪ್ಪು ಸಲಹೆ ಹುಟ್ಟುವುದೇ ಅಲ್ಲಿ. ಸ್ಲೋ ಮೋಷನ್ ಹಾಕಿಕೊಳ್ಳಿ.

ಹಿರಿಯರು ತಾವಾಗಿಯೇ ಬಂದು ಹೇಳಿದರೆ ಏನು ಮಾಡುವುದು? ಬಹುಪಾಲು ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಮನಸ್ಸು ನೋಯಿಸಬೇಕಿಲ್ಲ. ‘ಸಾರ್, ಇವತ್ತು ಒಂದೇ ವಿಷಯ ನೋಡ್ತಾ ಇದ್ದೀನಿ. ಚೆಂಡು ಎಡಕ್ಕೆ ಹೊರಡುತ್ತಾ ಬಲಕ್ಕಾ ಅಂತ ಸ್ವಲ್ಪ ನೋಡಿ ಹೇಳ್ತೀರಾ?’ ಅನ್ನಿ. ಖುಷಿಯಿಂದ ನಿಂತು ಎಣಿಸುತ್ತಾರೆ.

ಇದೆಲ್ಲ ರೇಂಜಿನಲ್ಲಿ ಮಾತ್ರ. ಸ್ಪರ್ಧೆಯ ಸುತ್ತಿನಲ್ಲಿ ಗಾಲ್ಫ್ ನಿಯಮ 10.2ರ ಪ್ರಕಾರ ಎದುರಾಳಿಗೆ ಸಲಹೆ ಕೊಡುವಂತಿಲ್ಲ, ಅವರಿಂದ ಕೇಳುವಂತೆಯೂ ಇಲ್ಲ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತ ದಂಡ. ನಿಮ್ಮ ಕ್ಯಾಡಿಯನ್ನು ಕೇಳಬಹುದು. ಬಂಕರ್, ಅಂದರೆ ಮರಳಿನ ಗುಂಡಿ, ಎಷ್ಟು ದೂರ ಇದೆ ಅಂತ ಯಾರನ್ನಾದರೂ ಕೇಳಬಹುದು.

ಮಣಿಕಟ್ಟು ಅಥವಾ ಸೊಂಟ ನೋಯುತ್ತಿದ್ದರೆ ಮಾತ್ರ ಯಾರ ಕಣ್ಣನ್ನೂ ನಂಬಿ ಕೂರಬೇಡಿ. ಹೊಡೆಯುವುದು ನಿಲ್ಲಿಸಿ, ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಕೋಚ್ ಹತ್ತಿರ ಹೋಗಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಏಳನೇ ನಂಬರ್ ಐರನ್‌ನಲ್ಲಿ ಇಪ್ಪತ್ತು ಚೆಂಡು, ಒಂದೇ ಗುರಿಗೆ. ಹಿಂದೆ ಒಬ್ಬರು ನಿಂತು ಎಣಿಸಲಿ: ಎಷ್ಟು ಎಡಕ್ಕೆ ಹೊರಟವು, ಎಷ್ಟು ನೇರ, ಎಷ್ಟು ಬಲಕ್ಕೆ. ಆ ಮೂರು ಅಂಕಿ ಬರೆದು ಕಳುಹಿಸಿ. ಹಿಡಿತ ಬದಲಾಯಿಸಬೇಕಾ, ನಿಲ್ಲುವ ರೀತಿಯಾ ಅಂತ ಅದನ್ನು ನೋಡಿ ಹೇಳುತ್ತೇನೆ.