ತಗಡಿನ ಶೆಡ್ಡಿಗೆ ಬಿಳಿ ಬಣ್ಣ ಮೇಲೋ ಒಳಗೋ?

ರಾಯಚೂರಿನ ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ ಅಂದುಕೊಳ್ಳಿ. ಹೊರಗೆ ಬೇವಿನ ಮರದ ನೆರಳಲ್ಲಿ 40 ಡಿಗ್ರಿ. ಪಕ್ಕದ ತಗಡಿನ ವರ್ಕ್‌ಶಾಪ್ ಶೆಡ್ಡಿನ ಬಾಗಿಲುಗಳೆಲ್ಲ ತೆರೆದಿವೆ, ಒಳಗಿನ ಗಾಳಿ ಒಂದೆರಡು ಡಿಗ್ರಿ ಜಾಸ್ತಿ ಇರಬಹುದು ಅಷ್ಟೇ. ಆದರೂ ಮರದಡಿ ಹೇಗೋ ಕೂರಬಹುದು, ಲೇತ್ ಮುಂದೆ ನಿಲ್ಲೋಕಾಗಲ್ಲ. ನೆತ್ತಿ ಸುಡುತ್ತದೆ.

ಸುಡುವುದು ಗಾಳಿಯಲ್ಲ, ತಗಡು. ಒಲೆಯ ಕೆಂಡದ ಎದುರು ಕೂತರೆ ಮುಖಕ್ಕೆ ಕಾವು ಬಡಿಯುತ್ತದಲ್ವಾ, ಅದೇ ಇದು. ಕೆಂಡ ಕಾಣುತ್ತದೆ, ಇದು ಕಾಣುವುದಿಲ್ಲ ಅನ್ನೋದೊಂದೇ ವ್ಯತ್ಯಾಸ. ಬಿಸಿಲಿಗೆ 65 ಡಿಗ್ರಿಗೆ ಕಾದ, ಬಣ್ಣ ಬಳಿದ ತಗಡಿನ ಒಂದು ಚದರ ಮೀಟರ್ ಕೆಳಮುಖವಾಗಿ ಸುಮಾರು 700 ವಾಟ್ ಅತಿಗೆಂಪು ಕಾವು ಬೀರುತ್ತದೆ. 35 ಡಿಗ್ರಿಯ ನಮ್ಮ ಚರ್ಮ ಅದೇ ಲೆಕ್ಕದಲ್ಲಿ ವಾಪಸ್ ಕೊಡುವುದು 500 ವಾಟ್ ಚಿಲ್ಲರೆ. ಮಿಕ್ಕಿದ್ದು ಮೈಗೆ. ಬೇವಿನ ಎಲೆ ನೀರು ಬೆವರಿ ಹೆಚ್ಚುಕಮ್ಮಿ ಗಾಳಿಯಷ್ಟೇ ಬಿಸಿ ಇರುತ್ತದೆ, ಹಾಗಾಗಿ ಅದರ ಕೆಳಗೆ ಈ ಕಾಟ ಇಲ್ಲ.

ತಗಡು ಕಾಯೋಕೆ ಹೊತ್ತು ಬೇಕಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕು ಕಿಲೋ ಕೂಡ ತೂಗುವುದಿಲ್ಲ. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್. ಅದರಲ್ಲಿ ಅರ್ಧ ಹೀರಿದರೂ ಶುರುವಿನಲ್ಲಿ ನಾಲ್ಕು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ಮೋಡ ಬಂದು ಹೋದಾಗ ಶೆಡ್ಡು ಟಪ್ ಟಪ್ ಅನ್ನೋದು ಇದಕ್ಕೇ: ಆರು ಮೀಟರ್ ಶೀಟು 40 ಡಿಗ್ರಿ ಏರಿಳಿದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಪಾಪ ಸ್ಕ್ರೂ ಸಡಿಲ ಆಗಿ ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಇದರಲ್ಲೊಂದು ಒಳ್ಳೆಯದೂ ಇದೆ. ಆರ್‌ಸಿಸಿ ಛಾವಣಿ ಹಗಲಿನ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ರಾತ್ರಿ ನಿಧಾನಕ್ಕೆ ಕಾರುತ್ತದೆ. ತಗಡು ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ.

ಈಗ ಬಣ್ಣದ ವಿಷಯ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಶೀಟಿನ ಮೇಲೆ ಸಿಲ್ವರ್ ಪೇಂಟ್ ಹೊಡೆಸುತ್ತಾರೆ, ತಗಡು ತಾನೇ, ಹೊಳೆಯಲಿ ಅಂತ. ಒಳಗೆ ಬೆಳಕು ಬರಲಿ ಅಂತ ಬಿಳಿ. ನನ್ನ ಪರಿಚಯದವರೊಬ್ಬರು ಹೀಗೇ ಮಾಡಿಸಿ, ದುಡ್ಡು ಕೊಟ್ಟು ಸೆಕೆ ತಂದುಕೊಂಡೆ ಅಂತ ಗೊಣಗುತ್ತಿದ್ದರು. ಅವರ ಗೊಣಗಾಟ ಸುಮ್ನೆ ಅಲ್ಲ. ಬಿಳಿ ಬಣ್ಣ ಬಿಸಿಲಿನ ಮಟ್ಟಿಗೆ ಮಾತ್ರ ಬಿಳಿ, ಅತಿಗೆಂಪು ಕಾವಿನ ಮಟ್ಟಿಗೆ ಅದು ಕಪ್ಪಿನ ಹಾಗೇ ವರ್ತಿಸುತ್ತದೆ, ಅಂದರೆ ಕಾವನ್ನು ಚೆನ್ನಾಗಿ ಹೊರಗೆ ಬಿಡುತ್ತದೆ. ಛಾವಣಿಯ ಮೇಲೆ ಇದು ವರ: ಒಳ್ಳೆಯ ಬಿಳಿ ಬಣ್ಣ ಬಿಸಿಲಿನ ಮುಕ್ಕಾಲು ಪಾಲನ್ನು ಹಾಗೇ ವಾಪಸ್ ಕಳಿಸಿ, ಹೀರಿದ್ದನ್ನೂ ಆಕಾಶಕ್ಕೆ ಕಕ್ಕುತ್ತದೆ. ಒಳಮೈಯಲ್ಲಿ ಹೊಡೆದರೆ ಅದೇ ಕಕ್ಕುವಿಕೆ ನಮ್ಮ ತಲೆ ಮೇಲೆ. ಹೊಳಪು ಲೋಹ ಇದಕ್ಕೆ ಉಲ್ಟಾ, ಕಾದರೂ ಕಾವು ಬಿಡೋಕೆ ಜಿಪುಣ. ಹಾಗಾಗಿ ಬಿಳಿ ಮೇಲಿರಬೇಕು, ಹೊಳಪು ಕೆಳಗಿರಬೇಕು.

ಒಳಗೆ ಹೊಳಪು ಬೇಕು ಅಂದರೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ಬಬಲ್ ಶೀಟನ್ನು ಪರ್ಲಿನ್ (ತಗಡನ್ನು ಹೊರುವ ಅಡ್ಡಪಟ್ಟಿ) ಕೆಳಗೆ ಎಳೆದು ಕಟ್ಟುತ್ತಾರೆ. ಹೊಳೆಯುವ ಮುಖ ಕೆಳಗೆ, ಗಾಳಿಗೆ ತೆರೆದಿರಬೇಕು. ಮೇಲಿನ ಮುಖದ ಮೇಲೆ ಧೂಳು ಕೂರುತ್ತದೆ, ಕೆಳಗೆ ಕೂರುವುದು ಕಡಿಮೆ. ಆದರೆ ಬಬಲ್ ಅಂದರೆ ಪ್ಲಾಸ್ಟಿಕ್. ವೆಲ್ಡಿಂಗ್, ಗ್ರೈಂಡಿಂಗ್ ಕಿಡಿ ಹಾರುವ ಕಡೆ ಅದನ್ನು ಹಾಕಲೇಬೇಡಿ.

ವೆಲ್ಡಿಂಗ್ ಮಾಡುವವರ ಪಾಡು ಬೇರೆಯೇ. ಮಿಗ್, ಟಿಗ್ ಅನ್ನುವ ಬಗೆಯ ವೆಲ್ಡಿಂಗಿನಲ್ಲಿ ಕರಗಿದ ಲೋಹವನ್ನು ಕಾಪಾಡುವುದು ಆರ್ಗಾನ್ ಅಥವಾ ಕಾರ್ಬನ್ ಡೈಆಕ್ಸೈಡ್ ಗಾಳಿಯ ಒಂದು ತೆಳು ಹೊದಿಕೆ. ಫ್ಯಾನ್ ಹಾಕಿದರೆ ಅದು ಹಾರಿಹೋಗಿ ಬೆಸುಗೆಯಲ್ಲಿ ತೂತು ಬೀಳುತ್ತದೆ. ಹಾಗಾಗಿ ಅವರು ಬೆವರುತ್ತಲೇ ಕೂರಬೇಕು. ಅಂಥ ಶೆಡ್ಡಿಗೆ ಬಿಸಿಯನ್ನು ಛಾವಣಿಯ ಮೇಲೇ ತಡೆಯುವುದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣುವುದಿಲ್ಲ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರು ಆರಿಸುತ್ತದೆ ಅಷ್ಟೇ. ಗಾಳಿ 40 ಡಿಗ್ರಿ ದಾಟಿದರೆ ಮೈಗೆ ಬಿಸಿ ತುಂಬುವುದೇ ಜಾಸ್ತಿ.

ಛಾವಣಿ ಮೇಲೆ ಗಿರಗಿರ ತಿರುಗುವ ಟರ್ಬೋ ವೆಂಟಿಲೇಟರ್ ಕೆಲಸ ಮಾಡುತ್ತದೆ, ಒಂದು ಷರತ್ತಿನ ಮೇಲೆ. ಮೇಲಿಂದ ಬಿಸಿ ಗಾಳಿ ಹೋಗಬೇಕಾದರೆ ಕೆಳಗಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ನಾಲ್ಕು ಟರ್ಬೋ ಕೂರಿಸಿ, ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿದರೆ ಅವು ಶೋಕಿಗೆ ತಿರುಗುತ್ತವೆ. ನೆಲಮಟ್ಟದಲ್ಲಿ, ನೆರಳಿರುವ ಗೋಡೆಗೆ ಜಾಲರಿ ಹಾಕಿಸಿ.

ಛಾವಣಿಗೆ ನೀರು ಬಿಡುವವರೂ ಇದ್ದಾರೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಹೊತ್ತೊಯ್ಯುತ್ತದೆ, ಅದು ಕಡಿಮೆ ಏನಲ್ಲ. ಆದರೆ 1000 ಚದರ ಅಡಿ ಛಾವಣಿಗೆ ಸುಡು ಬಿಸಿಲಲ್ಲಿ ಗಂಟೆಗೆ 70 ಲೀಟರ್ ಬೇಕಾದೀತು, ಬೋರ್ ನೀರಾದರೆ ಉಪ್ಪು ಬೇರೆ ಕಟ್ಟಿ ತುಕ್ಕು ಹಿಡಿಯುತ್ತದೆ. ಏರ್ ಕೂಲರ್ ರಾಯಚೂರು, ಕಲಬುರಗಿಯ ಒಣ ಸೆಕೆಗೆ ಸರಿ. ಮಂಗಳೂರಿನಲ್ಲಿ ಗಾಳಿ ಆಗಲೇ ನೆನೆದಿರುತ್ತದೆ, ಅಲ್ಲಿ ಅದು ಶೆಡ್ಡನ್ನು ಇನ್ನಷ್ಟು ತೇವ ಮಾಡಿ ಮಷಿನ್ನಿಗೆ ತುಕ್ಕು ತರಿಸುತ್ತದೆ.

ಬಿಳಿ ಛಾವಣಿ ಹೊಸ ಮಾತೇನಲ್ಲ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೇ ಅಂತ ಒಂದು ನೀತಿಯನ್ನೇ ತಂದಿತು. ತಗಡಿನ ಮೇಲೆ ಬರೀ ಸುಣ್ಣ ನಿಲ್ಲುವುದಿಲ್ಲ, ಮೊದಲ ಮಳೆಗೇ ತೊಳೆದುಹೋಗುತ್ತದೆ. ಜಿಂಕ್ ಲೇಪದ ಶೀಟಿಗೆ ಹಿಡಿಯುವ ಪ್ರೈಮರ್ ಮೊದಲು, ಆಮೇಲೆ ಬಣ್ಣ. ಧೂಳು, ಮಸಿ ಕೂತರೆ ಬಿಳಿಯ ಲಾಭ ಇಳಿಯುತ್ತದೆ, ಹಾಗಾಗಿ ಪ್ರತಿ ಫೆಬ್ರವರಿಯಲ್ಲಿ ಒಮ್ಮೆ ಪೊರಕೆ ಹಿಡಿದು ತೊಳೆಯಬೇಕು. ಬೆಳಗ್ಗೆ ಬೇಗ ಹತ್ತಿ, ಆದರೆ ಇಬ್ಬನಿ ಆರಿದ ಮೇಲೆ. ಕಾಲಿಡುವಾಗ ಸ್ಕ್ರೂ ಸಾಲಿನ ಮೇಲೆಯೇ ಇಡಿ, ಕೆಳಗೆ ಪರ್ಲಿನ್ ಇರೋದು ಅಲ್ಲಿ ಮಾತ್ರ.