ಗೌಡಿ ಹುಟ್ಟಿದ ಊರಲ್ಲಿ ಗೌಡಿ ಕಟ್ಟಿದ್ದು ಒಂದೂ ಇಲ್ಲ

ಬಾರ್ಸಿಲೋನಾ ಅಂದ ಕೂಡಲೇ ವಾಸ್ತುಶಿಲ್ಪಿ ಆಂತೋನಿ ಗೌಡಿಯ ಹೆಸರು ಬರುತ್ತದೆ. ಸಗ್ರಾದಾ ಫಮಿಲಿಯಾ ಚರ್ಚು, ಅಲೆಯ ಹಾಗೆ ಬಾಗಿದ ಮನೆಗಳು, ಟೈಲ್ಸ್ ಚೂರು ಜೋಡಿಸಿ ಮಾಡಿದ ಬಣ್ಣಬಣ್ಣದ ಬೆಂಚುಗಳು. ಇದನ್ನೆಲ್ಲ ನೋಡಿದವರಿಗೆ ಕೆಟಲನ್ ಮಾಡರ್ನಿಸಂ, ಅಂದರೆ 1900ರ ಆಸುಪಾಸು ಸ್ಪೇನಿನ ಕೆಟಲೋನಿಯಾ ಪ್ರಾಂತದಲ್ಲಿ ಬೆಳೆದ ಈ ಕಟ್ಟಡ ಶೈಲಿ, ಒಬ್ಬನೇ ಮನುಷ್ಯನ ಕಲ್ಪನೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅದು ಹಾಗಲ್ಲ ಎಂದು ತಿಳಿಯಲು ಗೌಡಿಯ ಊರಿಗೇ ಹೋಗಬೇಕು.

ಬಾರ್ಸಿಲೋನಾದಿಂದ ನೈಋತ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ರೆಯುಸ್ ಇದೆ. ಜನಸಂಖ್ಯೆ ಹೆಚ್ಚುಕಡಿಮೆ ಒಂದು ಲಕ್ಷ. 1852ರಲ್ಲಿ ಗೌಡಿ ಹುಟ್ಟಿದ್ದು ಇಲ್ಲೇ ಎನ್ನುತ್ತಾರೆ. ಪಕ್ಕದ ರಿಯುದೋಮ್ಸ್‌ನವರು ಒಪ್ಪುವುದಿಲ್ಲ, ಅವನು ನಮ್ಮೂರಿನವನು ಅನ್ನುತ್ತಾರೆ. ಅವನಿಗೆ ದೀಕ್ಷಾಸ್ನಾನ ಆದದ್ದಂತೂ ರೆಯುಸ್‌ನ ಸಂತ ಪೇರ್ ಚರ್ಚಿನಲ್ಲಿ. ಹದಿಹರೆಯದಲ್ಲೇ ಓದಲು ಬಾರ್ಸಿಲೋನಾಕ್ಕೆ ಹೋದವನು ಊರಲ್ಲಿ ಏನನ್ನೂ ಕಟ್ಟಲಿಲ್ಲ. 1900ರ ಸುಮಾರಿಗೆ ಇಲ್ಲಿನ ಮಿಸೆರಿಕೋರ್ದಿಯಾ ದೇಗುಲದ ಮುಂಭಾಗಕ್ಕೆ ಒಂದು ನಕ್ಷೆ ಬರೆದಿದ್ದ. ಅದು ಕಾಗದದಲ್ಲೇ ಉಳಿಯಿತು.

ಆದರೂ ಈ ಊರಿನ ಬೀದಿಗಳಲ್ಲಿ ಮಾಡರ್ನಿಸಂ ಕಟ್ಟಡಗಳು ಸಾಲಾಗಿ ನಿಂತಿವೆ. ಅವನ್ನು ಕಟ್ಟಿಸಿದ ದುಡ್ಡು ಎಲ್ಲಿಂದ ಬಂತು?

ಬ್ರಾಂದಿಯಿಂದ. 18ನೇ ಶತಮಾನದಲ್ಲಿ ಸುತ್ತಲಿನ ದ್ರಾಕ್ಷಿತೋಟಗಳ ವೈನನ್ನು ಬಟ್ಟಿ ಇಳಿಸಿ, ಹತ್ತಿರದ ಸಲೋವು ಬಂದರಿನಿಂದ ಉತ್ತರ ಯುರೋಪಿಗೆ ಕಳಿಸುತ್ತಿದ್ದರು. ಬ್ರಾಂದಿಯ ದರ ನಿಗದಿಯಾಗುತ್ತಿದ್ದ ಪೇಟೆಗಳಲ್ಲಿ ರೆಯುಸ್ ಕೂಡ ಒಂದು. 'ರೆಯುಸ್, ಪ್ಯಾರಿಸ್, ಲಂಡನ್' ಎಂದು ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಗೌಡಿಯ ಅಪ್ಪ ತಾಮ್ರದ ಕೆಲಸದವನು. ಬಟ್ಟಿ ಇಳಿಸುವ ಹಂಡೆಗಳನ್ನು ಮಾಡುತ್ತಿದ್ದ. ಅಂದರೆ ಆ ಮನೆಯ ಅನ್ನವೂ ಇದೇ ವ್ಯಾಪಾರದ್ದು.

1860ರ ದಶಕದಿಂದ ಫಿಲೊಕ್ಸೆರಾ ಎಂಬ ಪುಟ್ಟ ಕೀಟ ಫ್ರಾನ್ಸಿನ ದ್ರಾಕ್ಷಿಬಳ್ಳಿಗಳ ಬೇರನ್ನು ತಿಂದು ಹಾಳು ಮಾಡಿತು. ಆಗ ಕೆಟಲೋನಿಯಾದ ವೈನಿಗೆ ಬಂಗಾರದ ಬೆಲೆ. ಆದರೆ ಆ ಕೀಟ ಪಿರನೀಸ್ ಬೆಟ್ಟ ದಾಟಿ ಇತ್ತಲೂ ಬಂತು. ಶತಮಾನ ಮುಗಿಯುವ ಹೊತ್ತಿಗೆ ರೆಯುಸ್ ಸುತ್ತಲಿನ ತೋಟಗಳೂ ಒಣಗಿದವು. ರೈತರು ನೆಲ ಕಚ್ಚಿದರು. ವ್ಯಾಪಾರಿಗಳ ಬಳಿ ಮಾತ್ರ ಗಳಿಸಿಟ್ಟ ಹಣವಿತ್ತು. ಎಣ್ಣೆ, ಹೇಜಲ್‌ನಟ್, ಬಟ್ಟೆಯ ವ್ಯವಹಾರವೂ ಇತ್ತು. ಇಲ್ಲಿನ ಚೆಂದದ ಮನೆಗಳೆಲ್ಲ ಎದ್ದದ್ದು ಈ ಕಷ್ಟದ ದಿನಗಳಲ್ಲೇ. ಅವನ್ನು ನೋಡುವಾಗ ಇದನ್ನು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ.

ಈ ಊರಿಗೆ ಹೊಸ ರೂಪ ಕೊಟ್ಟವನು ಲುಯಿಸ್ ದೊಮೆನೆಕ್ ಇ ಮೊಂಟನೆರ್. ಗೌಡಿಗಿಂತ ಎರಡು ವರ್ಷ ದೊಡ್ಡವನು. ವಾಸ್ತುಶಿಲ್ಪದ ಮೇಷ್ಟ್ರು, ಜೊತೆಗೆ ರಾಜಕಾರಣಿ. ಕೆಟಲನ್ ಭಾಷೆ, ಕೆಟಲನ್ ಸ್ವಾಡಳಿತಕ್ಕಾಗಿ ದನಿ ಎತ್ತಿದವರಲ್ಲಿ ಮುಂಚೂಣಿಯವನು. ನಮ್ಮ ನಾಡಿಗೆ ನಮ್ಮದೇ ವಾಸ್ತುಶಿಲ್ಪ ಯಾವುದು ಎಂಬ ಪ್ರಶ್ನೆಯನ್ನು 1878ರಲ್ಲೇ ಲೇಖನ ಬರೆದು ಎತ್ತಿದ್ದ. ಕಲ್ಲು, ಇಟ್ಟಿಗೆ, ಹೂವಿನ ಕೆತ್ತನೆ ಅವನಿಗೆ ಸುಮ್ನೆ ಅಲಂಕಾರವಾಗಿರಲಿಲ್ಲ. ರೆಯುಸ್‌ನ ವ್ಯಾಪಾರಿಗಳಿಗೂ ವಕೀಲರಿಗೂ ಅದೇ ವಿಚಾರದ ಗಾಳಿ ಬೀಸಿತ್ತು.

ಅವನು ಇಲ್ಲಿ ಮೊದಲು ಕಟ್ಟಿದ್ದು ಬಂಗಲೆಯಲ್ಲ, ಮಾನಸಿಕ ರೋಗಿಗಳ ಆಸ್ಪತ್ರೆ. ಹೆಸರು ಪೇರ್ ಮಾತಾ ಸಂಸ್ಥೆ. ಇದೇ ಊರಲ್ಲಿ ಹುಟ್ಟಿದ 19ನೇ ಶತಮಾನದ ವೈದ್ಯನ ಹೆಸರದು. ಕೆಲಸ ಶುರುವಾದದ್ದು 1898ರ ಸುಮಾರಿಗೆ. ಆಗೆಲ್ಲ ಇಂಥ ರೋಗಿಗಳನ್ನು ದೊಡ್ಡ ಕತ್ತಲೆ ಕಟ್ಟಡದೊಳಗೆ ಕೂಡಿಹಾಕುವುದೇ ಜಾಸ್ತಿ. ದೊಮೆನೆಕ್ ಆಸ್ಪತ್ರೆಯನ್ನು ಬೇರೆ ಬೇರೆ ಕಟ್ಟಡಗಳಾಗಿ ಬಿಡಿಸಿದ. ನಡುವೆ ತೋಟ, ಗಾಳಿ, ಬೆಳಕು. ನೀರಿನ ಟ್ಯಾಂಕಿಯ ಗೋಪುರವನ್ನೂ ಹಾಗೇ ಬಿಡದೆ ಸಿಂಗರಿಸಿದ. ಶ್ರೀಮಂತ ರೋಗಿಗಳ ಕಟ್ಟಡದಲ್ಲಂತೂ ಬಣ್ಣದ ಗಾಜು, ಮೊಸಾಯಿಕ್, ಬಿಲಿಯರ್ಡ್ಸ್ ಆಡುವ ಕೋಣೆ. ಕಿಟಕಿಗಳ ಕಬ್ಬಿಣದ ಸರಳುಗಳು ಸರಳಿನಂತೆ ಕಾಣದ ಹಾಗೆ ವಿನ್ಯಾಸದೊಳಗೆ ಬೆರೆತಿವೆ. ಹಣವಿದ್ದವರಿಗೆ ಒಂದು, ಇಲ್ಲದವರಿಗೆ ಇನ್ನೊಂದು ಎಂಬ ಭೇದ ಇಲ್ಲೂ ಇತ್ತು, ಅದು ನೋವಿನ ಸಂಗತಿ. ಆದರೆ ರೋಗಿಗೂ ಸುಂದರವಾದ ಜಾಗ ಬೇಕು ಎಂದು ಒಬ್ಬ ವಾಸ್ತುಶಿಲ್ಪಿ ಯೋಚಿಸಿದನಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1902ರಲ್ಲಿ ಬಾರ್ಸಿಲೋನಾದಲ್ಲಿ ಅವನು ಶುರು ಮಾಡಿದ ಸಾಂತ್ ಪಾವು ಆಸ್ಪತ್ರೆ ಇದೇ ಯೋಚನೆಯ ದೊಡ್ಡ ರೂಪ.

ಊರಿನ ನಡುವೆ ಮೆರ್ಕಾದಾಲ್ ಚೌಕದಲ್ಲಿರುವುದು ಕಾಸಾ ನವಾಸ್ (ಕಾಸಾ ಅಂದರೆ ಮನೆ). ಬಟ್ಟೆ ವ್ಯಾಪಾರಿ ಜೋಕಿಮ್ ನವಾಸ್ ಕಟ್ಟಿಸಿದ್ದು. 1901ರಲ್ಲಿ ಶುರುವಾಗಿ 1908ರಲ್ಲಿ ಮುಗಿಯಿತು. ಕೆಳಗೆ ಅಂಗಡಿ, ಮೇಲೆ ಮನೆ. ಪೀಠೋಪಕರಣ ಗಾಸ್ಪರ್ ಒಮಾರ್‌ನದು, ಕಲ್ಲಿನ ಕೆತ್ತನೆ ಅಲ್ಫೋನ್ಸ್ ಜುಯೋಲ್‌ನದು, ಮೊಸಾಯಿಕ್ ಲುಯಿಸ್ ಬ್ರೂನದು. ಇಂಥ ಮನೆಗಳ ಒಳಗಿನ ಸಾಮಾನು ಬೇರೆ ಕಡೆ ಮಾರಾಟವಾಗಿಯೋ ಒಡೆದುಹೋಗಿಯೋ ಚದುರಿವೆ. ಇಲ್ಲಿ ಮಾತ್ರ ಕುರ್ಚಿ, ದೀಪಗಳಿಂದ ಹಿಡಿದು ಹೆಚ್ಚಿನದೆಲ್ಲ ಇಟ್ಟಲ್ಲೇ ಇದೆ. ಬಡಗಿ, ಗಾಜಿನವನು, ಕಮ್ಮಾರ, ಕುಂಬಾರ ಎಲ್ಲರೂ ಸೇರಿ ಒಂದು ಮನೆ ಮಾಡುವುದು ಅಂದರೇನು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ದೊಮೆನೆಕ್‌ನ ಹೆಚ್ಚುಗಾರಿಕೆ ಇರುವುದು ಇವರೆಲ್ಲರನ್ನೂ ಕೂಡಿಸಿದ್ದರಲ್ಲಿ.

ಕಾಸಾ ರುಲ್, ಕಾಸಾ ಗಾಸುಲ್ ಕೂಡ ಅವನವೇ. ಉಳಿದ ಬಹಳಷ್ಟು ಕಟ್ಟಡಗಳು ನಗರಸಭೆಯ ವಾಸ್ತುಶಿಲ್ಪಿಯಾಗಿದ್ದ ಪೇರ್ ಕಾಸೆಲ್ಯೆಸ್‌ನವು. ದ್ರಾಕ್ಷಿ ಮತ್ತು ವೈನಿನ ಸಂಶೋಧನಾ ಕೇಂದ್ರದ ಕಟ್ಟಡವೂ ಅವನದೇ. ಕೀಟ ಕಲಿಸಿದ ಪಾಠಕ್ಕೆ ಊರು ಕೊಟ್ಟ ಉತ್ತರವದು.

ಇಷ್ಟೆಲ್ಲ ಇದ್ದೂ ಹೊರಗಿನವರಿಗೆ ಗೊತ್ತಿಲ್ಲ, ಯಾಕೆ? ಮೊದಲನೆಯದಾಗಿ, 1910ರ ಹೊತ್ತಿಗೇ ರುಚಿ ಬದಲಾಯಿತು. ಹೊಸ ತಲೆಮಾರಿನ ಬರಹಗಾರರು, ಕಲಾವಿದರಿಗೆ ಶಿಸ್ತಿನ, ಸರಳ ಗೆರೆಗಳು ಬೇಕಿದ್ದವು. ಮಾಡರ್ನಿಸಂ ಅತಿ ಅಲಂಕಾರ ಅನ್ನಿಸಿಕೊಂಡಿತು. ಆಮೇಲೆ ಸ್ಪೇನಿನ ಅಂತರ್ಯುದ್ಧ. 1938ರ ಬಾಂಬ್ ದಾಳಿಯಲ್ಲಿ ಕಾಸಾ ನವಾಸ್‌ನ ಮೂಲೆಯ ಗೋಪುರ ಉರುಳಿತು. ಅದರ ನಂತರ ಸರ್ವಾಧಿಕಾರಿ ಫ್ರಾಂಕೋನ ಆಳ್ವಿಕೆಯಲ್ಲಿ ಕೆಟಲನ್ ಗುರುತು ಹೊತ್ತ ಯಾವುದಕ್ಕೂ ಒಳ್ಳೆಯ ಕಾಲವಿರಲಿಲ್ಲ. ಬಾರ್ಸಿಲೋನಾದಲ್ಲೇ ಇದೇ ಶೈಲಿಯ ಇನ್ನೊಬ್ಬ ವಾಸ್ತುಶಿಲ್ಪಿ ಪುಚ್ ಇ ಕಾದಾಫಾಲ್ಕ್ ಕಟ್ಟಿದ್ದ ಕಾಸಾ ತ್ರಿಂಚೆಟ್‌ನಂಥ ಮನೆಯನ್ನು 1960ರ ದಶಕದಲ್ಲಿ ಕೆಡವಿದರು.

ಮತ್ತೆ ಬೆಲೆ ಬಂದಾಗ ಅದು ಮೊದಲು ಬಂದದ್ದು ಗೌಡಿಗೆ. ಯುನೆಸ್ಕೋ ಪಟ್ಟಿಗೆ ಅವನ ಕಟ್ಟಡಗಳು ಸೇರಿದ್ದು 1984ರಲ್ಲಿ. ದೊಮೆನೆಕ್‌ನ ಸಾಂತ್ ಪಾವು ಆಸ್ಪತ್ರೆ ಮತ್ತು ಸಂಗೀತ ಭವನಕ್ಕೆ 1997ರವರೆಗೆ ಕಾಯಬೇಕಾಯಿತು. ಅವೂ ಬಾರ್ಸಿಲೋನಾದವೇ ಅಲ್ವಾ? ರೆಯುಸ್ ಕೂಡ 2007ರಲ್ಲಿ ಮೆರ್ಕಾದಾಲ್ ಚೌಕದಲ್ಲಿ ತೆರೆದದ್ದು ಗೌಡಿ ಕೇಂದ್ರವನ್ನು. ಅವನು ಏನನ್ನೂ ಕಟ್ಟದ ಊರಲ್ಲಿ ಅವನ ಹೆಸರೇ ಜನರನ್ನು ಕರೆಯುತ್ತದೆ. ನನಗೆ ಇದರಲ್ಲಿ ತಕರಾರಿಲ್ಲ, ಬಂದವರು ಅದೇ ಚೌಕದ ಕಾಸಾ ನವಾಸ್ ಒಳಗೂ ಹೆಜ್ಜೆ ಇಟ್ಟರೆ ಸಾಕು.

ಪೇರ್ ಮಾತಾ ಈಗಲೂ ಆಸ್ಪತ್ರೆಯಾಗಿಯೇ ನಡೆಯುತ್ತಿದೆ. ಪ್ರವಾಸಿಗರಿಗೆ ತೋರಿಸುವುದು ಹಳೆಯ ಶ್ರೀಮಂತರ ಕಟ್ಟಡವನ್ನು. ಆಚೆಗಿನ ಕಟ್ಟಡಗಳಲ್ಲಿ ಚಿಕಿತ್ಸೆ ನಡೆಯುತ್ತಿರುತ್ತದೆ. ಹಾಗಾಗಿ ಹೋಗುವ ಮುಂಚೆ ಸಮಯ ವಿಚಾರಿಸಿಕೊಳ್ಳಿ. ಸಾಧ್ಯವಾದರೆ ಇದನ್ನು ಮೊದಲು ನೋಡಿ, ಸಾಂತ್ ಪಾವು ಆಮೇಲೆ ನೋಡಿ.